ಮುರ್ಟನ್ ಸರೋವರ ಕೆಂಪಾಗುವುದು ಯಾರ ರಕ್ತದಿಂದ?

ಸಾಗರದ ಮೇಷ್ಟ್ರು · ಜೂನ್ 16, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ಮಗಳ ಮನೆಗೆ ಬಂದು ಮೂರು ವಾರವಾಯಿತು. ಮೊನ್ನೆ ಅಳಿಯಂದಿರು ನಮ್ಮಿಬ್ಬರನ್ನು ಮುರ್ಟನ್ ಎಂಬ ಊರಿಗೆ ಕರೆದುಕೊಂಡು ಹೋಗಿದ್ದರು. ರೈಲಿನಲ್ಲಿ ಅರ್ಧ ಗಂಟೆಯ ಮೇಲೆ ಸ್ವಲ್ಪ. ನಿಲ್ದಾಣದ ಫಲಕದಲ್ಲಿ ಎರಡು ಹೆಸರು: ಮುರ್ಟನ್, ಮೊರಾ. ಒಂದು ಜರ್ಮನ್, ಇನ್ನೊಂದು ಫ್ರೆಂಚ್ ಎಂದರು.

ಊರೆಂದರೆ ಮೂರು ಬೀದಿ, ಅಷ್ಟೆ. ಮೂರೂ ಒಂದರ ಪಕ್ಕ ಒಂದು ಸಾಲಾಗಿ ಓಡುತ್ತವೆ. ನಡುವಿನ ದೊಡ್ಡ ಬೀದಿಯ ಒಂದು ತುದಿಗೆ ಕೋಟೆಮನೆ, ಇನ್ನೊಂದು ತುದಿಗೆ ಗಡಿಯಾರವಿರುವ ಬರ್ನ್ ಬಾಗಿಲು. ಅಂಗಡಿಗಳ ಮುಂದೆ ಕಮಾನಿನ ಜಗಲಿ ಇರುವುದರಿಂದ ಮಳೆ ಬಂದರೂ ಕೊಡೆ ಬೇಡ. ಹಿಂದೆ ಹೋಗಿ ಮರದ ಏಣಿಮೆಟ್ಟಿಲು ಹತ್ತಿದರೆ ಕೋಟೆಗೋಡೆಯ ಮೇಲೇ ನಡೆಯಬಹುದು. ತಲೆಯ ಮೇಲೆ ಹೆಂಚಿನ ಮಾಡು, ಕಾಲಡಿ ಹಲಗೆ, ಹಲಗೆಯ ಸಂದಿಯಿಂದ ಕೆಳಗಿನವರ ಹಿತ್ತಿಲು, ಒಣಗಲು ಹಾಕಿದ ಬಟ್ಟೆ ಎಲ್ಲ ಕಾಣುತ್ತವೆ. ಟಿಕೆಟ್ ಇಲ್ಲ, ಕಾವಲಿನವನೂ ಇಲ್ಲ. ಇನ್ನೊಂದು ದಿಕ್ಕಿಗೆ ತಿರುಗಿದರೆ ಕೆಂಪು ಹೆಂಚಿನ ಮನೆಗಳಾಚೆ ಸರೋವರ, ಅದರಾಚೆ ಮಲಗಿದ ಎಮ್ಮೆಯ ಬೆನ್ನಿನಂಥ ಒಂದು ಗುಡ್ಡ.

ಅಲ್ಲಿ ಸಿಕ್ಕ ಒಬ್ಬ ಹಿರಿಯರು ಅಳಿಯಂದಿರಿಗೆ ಹೇಳಿದರಂತೆ: ಕೆಲವು ವರ್ಷ ಈ ಸರೋವರ ಕೆಂಪಾಗುತ್ತದೆ, ಅದು ಇಲ್ಲಿ ಸತ್ತ ಬರ್ಗಂಡಿಯವರ ರಕ್ತ ಎಂದು. ಅಳಿಯಂದಿರು ನಕ್ಕುಬಿಟ್ಟರು. ಹಿರಿಯರು ನಗಲಿಲ್ಲ. ಇದರಲ್ಲಿ ನಿಜವೆಷ್ಟು, ಕಥೆಯೆಷ್ಟು? ಬಲ್ಲವರು ತಿಳಿಸಬೇಕು.

ಕೋಟೆಕೊತ್ತಲ · ಜೂನ್ 16, ರಾತ್ರಿ 11:05

ಮೇಷ್ಟ್ರೇ, ನೀವು ಸರಿಯಾದ ವಾರದಲ್ಲೇ ಕೇಳಿದ್ದೀರಿ. ಅಲ್ಲಿ ಕದನ ನಡೆದದ್ದು 1476ರ ಜೂನ್ 22ರಂದು.

ಬರ್ಗಂಡಿ ಎಂದರೆ ಈಗಿನ ಫ್ರಾನ್ಸಿನ ಪೂರ್ವ ಭಾಗದ ನಾಡು. ಅದರ ದೊರೆ ಚಾರ್ಲ್ಸ್ ಆ ಕಾಲದ ಯುರೋಪಿನಲ್ಲಿ ಮಹಾ ಸಿರಿವಂತ. ಅವನಿಗಿದ್ದ ಅಡ್ಡಹೆಸರಿಗೆ ‘ದಿಟ್ಟ’ ಎಂಬ ಅರ್ಥವೂ ಹೇಳಬಹುದು, ‘ದುಡುಕ’ ಎಂಬ ಅರ್ಥವೂ. ಅದೇ ವರ್ಷ ಮಾರ್ಚ್ 2ರಂದು ಗ್ರಾಂಸೋನ್ ಬಳಿ ಸ್ವಿಸ್ ಒಕ್ಕೂಟದವರ ಎದುರು ಸೋತು, ಫಿರಂಗಿ, ಡೇರೆ, ಬೆಳ್ಳಿ ಪಾತ್ರೆ, ವಜ್ರ ಎಲ್ಲ ಬಿಟ್ಟು ಓಡಿದ್ದ. ಅದನ್ನು ತೀರಿಸಿಕೊಳ್ಳಲು ಹೊಸ ದಂಡು ಕಟ್ಟಿ ಬರ್ನ್ ಕಡೆಗೆ ಹೊರಟ. ದಾರಿಗೆ ಅಡ್ಡ ಸಿಕ್ಕಿದ್ದು ಮುರ್ಟನ್. ಜೂನ್ 9ರಂದು ಮುತ್ತಿಗೆ ಹಾಕಿದ.

ಊರೊಳಗೆ ಇದ್ದವರು ಸುಮಾರು ಎರಡು ಸಾವಿರ ಜನ. ನಾಯಕ ಬರ್ನ್‌ನ ಆಡ್ರಿಯಾನ್ ಫೊನ್ ಬೂಬೆನ್‌ಬೆರ್ಗ್. ನನಗೆ ಇಡೀ ಕಥೆಯಲ್ಲಿ ಇಷ್ಟವಾಗುವ ಮನುಷ್ಯ ಇವನೇ. ಬರ್ಗಂಡಿಯವರ ಜೊತೆ ಜಗಳ ಬೇಡ ಎಂದು ವಾದಿಸಿದ್ದಕ್ಕೆ ಬರ್ನ್‌ನವರು ಹಿಂದಿನ ವರ್ಷವಷ್ಟೇ ಅವನನ್ನು ಆಡಳಿತ ಮಂಡಳಿಯಿಂದ ಹೊರಗೆ ಹಾಕಿದ್ದರು. ಕೆಟ್ಟ ಗಳಿಗೆ ಬಂದಾಗ ಅವನನ್ನೇ ಕರೆದು, ಮುರ್ಟನ್ ಉಳಿಸು ಎಂದರು. ಅವನು ಹೋದ. ಫಿರಂಗಿ ಗುಂಡಿಗೆ ಗೋಡೆ ಬಿರಿದರೂ ಜೂನ್ 18ರ ದೊಡ್ಡ ಲಗ್ಗೆಯನ್ನು ತಡೆದು ನಿಂತ.

22ರ ಬೆಳಿಗ್ಗೆ ಜೋರು ಮಳೆ. ಇವತ್ತು ಯಾರೂ ಬರುವುದಿಲ್ಲ ಎಂದುಕೊಂಡು ಚಾರ್ಲ್ಸ್ ಹೆಚ್ಚಿನ ಸೈನಿಕರನ್ನು ತಾನು ಹಾಕಿಸಿದ್ದ ರಕ್ಷಣಾ ಬೇಲಿಯ ಕಾವಲಿನಿಂದ ಪಾಳೆಯಕ್ಕೆ ಕಳಿಸಿಬಿಟ್ಟ. ಮಧ್ಯಾಹ್ನ ಮೋಡ ಸರಿಯುವ ಹೊತ್ತಿಗೆ ಕಾಡಿನೊಳಗಿಂದ ಇಪ್ಪತ್ತು ಸಾವಿರಕ್ಕೂ ಮೀರಿದ ಸ್ವಿಸ್ ದಂಡು ಉದ್ದ ಈಟಿ ಹಿಡಿದು ಹೊರಬಿತ್ತು. ಊರಿನ ಮುಂದೆ ಮುತ್ತಿಗೆಗೆ ಕುಳಿತಿದ್ದವರಿಗೆ ಒಂದು ಕಡೆ ಶತ್ರು, ಇನ್ನೊಂದು ಕಡೆ ನೀರು. ಕಬ್ಬಿಣದ ಅಂಗಿ ತೊಟ್ಟವರು ಸರೋವರಕ್ಕೆ ಇಳಿದು ಮುಳುಗಿದರು. ಸೆರೆ ಹಿಡಿಯುವ ಮಾತೇ ಇರಲಿಲ್ಲ. ಸತ್ತವರು ಹತ್ತು ಸಾವಿರದಷ್ಟು ಎನ್ನುತ್ತಾರೆ. ಚಾರ್ಲ್ಸ್ ಈ ಬಾರಿಯೂ ತಪ್ಪಿಸಿಕೊಂಡ, ಮುಂದಿನ ಜನವರಿಯಲ್ಲಿ ನಾನ್ಸಿ ಎಂಬ ಊರಿನ ಕದನದಲ್ಲಿ ಸತ್ತ. ಗ್ರಾಂಸೋನ್‌ನಲ್ಲಿ ಗಂಟು ಕಳೆದ, ಮುರ್ಟನ್‌ನಲ್ಲಿ ಗುಂಡಿಗೆ ಕಳೆದ, ನಾನ್ಸಿಯಲ್ಲಿ ನೆತ್ತರು ಕಳೆದ ಎಂದು ಅಲ್ಲಿ ಗಾದೆಯೇ ಇದೆ.

ಇಷ್ಟು ಜನರನ್ನು ನುಂಗಿದ ನೀರು ಕೆಂಪಾಗದೆ ಇನ್ನೇನಾಗುತ್ತದೆ?

ಪಾಚಿಗಾತಿ · ಜೂನ್ 17, ಬೆಳಿಗ್ಗೆ 7:20

ಕೋಟೆಕೊತ್ತಲ ಅವರೇ, ಕದನದ ವಿವರ ಸೊಗಸಾಗಿದೆ. ಕೊನೆಯ ಸಾಲು ಮಾತ್ರ ನನ್ನ ಕೆಲಸದ ಜಾಗ. ಕೆರೆ ನೀರು ಪರೀಕ್ಷೆ ಮಾಡಿಯೇ ನನ್ನ ಸಂಬಳ.

ಸರೋವರ ಕೆಂಪಾಗುವುದು ನಿಜ, ಮೇಷ್ಟ್ರೇ. ಆ ಹಿರಿಯರು ನಗದೆ ಇದ್ದದ್ದು ಸರಿ. ಕಾರಣ ಪ್ಲಾಂಕ್ಟೋಥ್ರಿಕ್ಸ್ ರುಬೆಸೆನ್ಸ್ ಎಂಬ ಸಯನೋಬ್ಯಾಕ್ಟೀರಿಯಾ. ನಾವು ನೀಲಿ-ಹಸಿರು ಪಾಚಿ ಎನ್ನುತ್ತೇವಲ್ಲ, ಅದೇ ಕುಲ, ಬಣ್ಣ ಮಾತ್ರ ಕೆಂಪು. ಜರ್ಮನ್‌ನಲ್ಲಿ ಅದರ ಹೆಸರೇ ‘ಬರ್ಗಂಡಿ ರಕ್ತದ ಪಾಚಿ’. 1825ರ ವಸಂತದಲ್ಲಿ ಈ ಸರೋವರ ಹೀಗೆ ಕೆಂಪಾದಾಗ ಜಿನೀವಾದ ಸಸ್ಯವಿಜ್ಞಾನಿ ಡಿ ಕ್ಯಾಂಡೊಲ್ ಅದನ್ನು ಪರೀಕ್ಷಿಸಿ ಬರೆದ. ಅಂದರೆ ಈ ಜೀವಿಗೆ ವಿಜ್ಞಾನದ ಹೆಸರು ಸಿಕ್ಕಿದ್ದೇ ಮುರ್ಟನ್ ನೀರಿನಿಂದ.

ಕೂದಲೆಳೆಗಿಂತ ಸಣ್ಣ ದಾರದಂತಿರುತ್ತದೆ. ಒಳಗೆ ಗಾಳಿ ತುಂಬಿದ ಗುಳ್ಳೆಗಳಿವೆ, ಅವುಗಳಿಂದ ತನಗೆ ಬೇಕಾದ ಆಳದಲ್ಲಿ ತೇಲಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮೇಲಿನ ಬೆಚ್ಚಗಿನ ನೀರಿನ ಕೆಳಗೆ, ಹತ್ತು ಹದಿನೈದು ಮೀಟರ್ ಆಳದ ಮಬ್ಬು ಬೆಳಕಿನಲ್ಲಿ ಪದರವಾಗಿ ಕುಳಿತಿರುತ್ತದೆ. ದಡದಲ್ಲಿ ನಿಂತವರಿಗೆ ಕಾಣುವುದೇ ಇಲ್ಲ. ಚಳಿ ಬಂದು ಮೇಲಿನ ನೀರು ತಣ್ಣಗಾಗಿ ಕೆಳಗಿನದರೊಂದಿಗೆ ಬೆರೆತಾಗ ಮೇಲೆ ಬರುತ್ತದೆ. ಗಾಳಿ ಇಲ್ಲದ ಬೆಳಿಗ್ಗೆ ದಡಕ್ಕೆ ಬಂದು ಸೇರಿದರೆ ಥೇಟ್ ಕುಂಕುಮದ ನೀರು ಚೆಲ್ಲಿದಂತೆ.

ಈಗ ಲೆಕ್ಕ ಹಾಕಿ. ಕದನ ನಡೆದದ್ದು ನಡುಬೇಸಿಗೆಯಲ್ಲಿ. ಪಾಚಿ ಮೇಲೆ ಬರುವುದು ಚಳಿಗಾಲದ ಆಜುಬಾಜಿನಲ್ಲಿ. ಸತ್ತವರ ರಕ್ತ ಆರು ತಿಂಗಳು ತಡ ಮಾಡಿ ಏಳುವುದೇಕೆ?

ಕೋಟೆಕೊತ್ತಲ · ಜೂನ್ 17, ಬೆಳಿಗ್ಗೆ 8:02

ವರ್ಷಾಬ್ದಿಕಕ್ಕೆ ಎಲ್ಲರೂ ದಿನಕ್ಕೆ ಸರಿಯಾಗಿ ಬರಬೇಕೆಂದಿದೆಯೇ ಮೇಡಂ? ಸೋಲೊಪ್ಪಿಕೊಂಡೆ. ಆದರೆ ‘ಪ್ಲಾಂಕ್ಟೋಥ್ರಿಕ್ಸ್’ ಎಂದು ಮೊಮ್ಮಗುವಿಗೆ ಕಥೆ ಹೇಳಲು ಬರುವುದಿಲ್ಲ.

ಪಾಚಿಗಾತಿ · ಜೂನ್ 17, ಬೆಳಿಗ್ಗೆ 8:15

ಕಥೆ ಹೇಳಿ, ಯಾರು ಬೇಡ ಎಂದರು. ನೀರು ಮುಟ್ಟಬೇಡ ಎಂದೂ ಜೊತೆಗೆ ಹೇಳಿ. ಈ ಪಾಚಿಯಲ್ಲಿ ವಿಷವಿದೆ, ದಟ್ಟವಾಗಿದ್ದಾಗ ಕುಡಿದ ನಾಯಿ ದನಗಳಿಗೆ ಅಪಾಯ.

ಇನ್ನೊಂದು ಮಾತು. ಕೊಳಕಾದ ನೀರಿನಲ್ಲಷ್ಟೇ ಇದು ಬೆಳೆಯುತ್ತದೆ ಎಂದುಕೊಳ್ಳಬೇಡಿ. ಹೊಲದ ಗೊಬ್ಬರ, ಬಟ್ಟೆ ಸೋಪಿನ ಫಾಸ್ಫೇಟ್ ಹರಿದು ಬಂದು ಇಲ್ಲಿಯ ಸರೋವರಗಳು ಒಂದು ಕಾಲಕ್ಕೆ ಕೆಟ್ಟಿದ್ದವು. ಬಟ್ಟೆ ಸೋಪಿನಲ್ಲಿ ಫಾಸ್ಫೇಟ್ ಬಳಸುವುದನ್ನು ಸ್ವಿಸ್ ಸರ್ಕಾರ 1986ರಲ್ಲಿ ನಿಷೇಧಿಸಿತು, ನೀರು ಸುಧಾರಿಸಿತು. ಆದರೆ ಜ್ಯೂರಿಕ್ ಸರೋವರದಲ್ಲಿ ನೀರು ತಿಳಿಯಾದ ಮೇಲೂ ಈ ಕೆಂಪು ಪಾಚಿಯೇ ಮೆರೆಯುತ್ತಿದೆ. ತಿಳಿನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುತ್ತದೆ, ಚಳಿಗಾಲ ಬೆಚ್ಚಗಾಗಿ ನೀರು ಪೂರ್ತಿ ಕಡೆಯುವುದಿಲ್ಲ. ಎರಡೂ ಇದಕ್ಕೆ ಅನುಕೂಲ.

ಬಾಡಿಗೆಮನೆ · ಜೂನ್ 17, ಮಧ್ಯಾಹ್ನ 1:30

ನಾನು ಒಂಬತ್ತು ವರ್ಷದಿಂದ ಬರ್ನ್‌ನಲ್ಲಿದ್ದೇನೆ, ಸೈಕಲ್ ತುಳಿಯುವ ಹುಚ್ಚು. ಆ ಸರೋವರವನ್ನು ಎಷ್ಟು ಬಾರಿ ಸುತ್ತಿದ್ದೇನೋ. ನೀವೆಲ್ಲ ನೀರಿನ ಬಣ್ಣ ಮಾತಾಡುತ್ತಿದ್ದೀರಿ. ಆ ನೀರು ಈಗಿರುವ ಮಟ್ಟವೇ 1476ರದ್ದಲ್ಲ.

ಜ್ಯೂರಾ ಬೆಟ್ಟದ ಬುಡದಲ್ಲಿ ಮೂರು ಸರೋವರಗಳಿವೆ. ನ್ಯೂಶಾಟೆಲ್ ದೊಡ್ಡಕ್ಕ, 218 ಚದರ ಕಿ.ಮೀ. ಬೀಲ್ ಮಧ್ಯದವಳು. ಮುರ್ಟನ್ ಕಿರಿಯಳು, ಬರೇ 23 ಚದರ ಕಿ.ಮೀ., ಅತಿ ಆಳವೆಂದರೆ 45 ಮೀಟರ್. ಬ್ರೋಯ್ ಎಂಬ ಹೊಳೆ ಈ ಕಿರಿಯಳಿಗೆ ಬಂದು ಸೇರಿ, ಕಾಲುವೆಯಾಗಿ ಹೊರಟು ನ್ಯೂಶಾಟೆಲ್‌ಗೆ ಹೋಗುತ್ತದೆ. ಅಲ್ಲಿಂದ ಸೀಲ್ ಕಾಲುವೆಯಲ್ಲಿ ಬೀಲ್‌ಗೆ. ಬೇಸಿಗೆಯಲ್ಲಿ ಮುರ್ಟನ್‌ನಲ್ಲಿ ದೋಣಿ ಹತ್ತಿದರೆ ಮೂರನ್ನೂ ದಾಟಬಹುದು.

ನಡುವಿನ ಬಯಲು ನೂರೈವತ್ತು ವರ್ಷದ ಹಿಂದೆ ದೊಡ್ಡ ಜೌಗು. ಆರೆ ನದಿಗೆ ಪ್ರವಾಹ ಬಂದರೆ ಊರಿಗೆ ಊರೇ ನೀರು, ಇಳಿದರೆ ಮಲೇರಿಯಾ. ಯೋಹಾನ್ ರುಡಾಲ್ಫ್ ಶ್ನೈಡರ್ ಎಂಬ ವೈದ್ಯ ಇದಕ್ಕೊಂದು ದಾರಿ ಮಾಡಿ ಎಂದು ದಶಕಗಟ್ಟಲೆ ಹಟ ಹಿಡಿದ. ರಿಚರ್ಡ್ ಲಾ ನಿಕ್ಕಾ ಎಂಬ ಎಂಜಿನಿಯರ್ ಯೋಜನೆ ಹಾಕಿದ: ಆರೆ ನದಿಯನ್ನೇ ತಿರುಗಿಸಿ ಬೀಲ್ ಸರೋವರಕ್ಕೆ ಬಿಡುವುದು, ಸರೋವರಗಳೇ ಪ್ರವಾಹವನ್ನು ನುಂಗಿಕೊಳ್ಳಲಿ ಎಂದು. 1868ರಲ್ಲಿ ಕೆಲಸ ಶುರು, 1878ರಲ್ಲಿ ಹಾಗ್‌ನೆಕ್ ಕಾಲುವೆಗೆ ಆರೆ ನುಗ್ಗಿತು, 1891ಕ್ಕೆ ಮುಗಿಯಿತು. ಮೂರೂ ಸರೋವರಗಳ ಮಟ್ಟ ಎರಡೂವರೆ ಮೀಟರ್‌ನಷ್ಟು ಇಳಿಯಿತು.

ಇಳಿದ ಮೇಲೆ ಎದ್ದದ್ದೇನು ಗೊತ್ತೇ? ದಡದ ಕೆಸರಿನಲ್ಲಿ ಸಾಲು ಸಾಲು ಮರದ ಗೂಟಗಳು. ಐದು ಆರು ಸಾವಿರ ವರ್ಷ ಹಿಂದಿನ ಜನ ಗೂಟದ ಮೇಲೆ ಕಟ್ಟಿಕೊಂಡಿದ್ದ ಮನೆಗಳ ಪಾಯ. ಆಲ್ಪ್ಸ್ ಸುತ್ತಲಿನ ಇಂಥ ನೆಲೆಗಳನ್ನು 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು, ಮುರ್ಟನ್ ದಡದವೂ ಅದರಲ್ಲಿವೆ.

ಜೌಗು ಒಣಗಿ ಈಗ ಸ್ವಿಟ್ಜರ್ಲೆಂಡಿನ ತರಕಾರಿ ತೋಟವಾಗಿದೆ. ಕ್ಯಾರೆಟ್, ಈರುಳ್ಳಿ, ಎಲೆಕೋಸು, ಮಣ್ಣು ಕಾಡಿಗೆಯಷ್ಟು ಕಪ್ಪು. ಆದರೆ ಆ ಕಪ್ಪು ಮಣ್ಣು ಕೊಳೆತ ಸಸ್ಯದ್ದು, ಗಾಳಿ ತಾಗಿದಂತೆ ಕರಗಿ ನೆಲವೇ ಕುಸಿಯಿತು. ಮತ್ತೆ ನೀರು ನುಗ್ಗಿತು. 1962ರಿಂದ 1973ರವರೆಗೆ ಎರಡನೆಯ ಸುತ್ತಿನ ಕೆಲಸ ಮಾಡಬೇಕಾಯಿತು. ಈಗಲೂ ಆರೆ ಜೋರಾಗಿ ಬಂದರೆ ಸೀಲ್ ಕಾಲುವೆ ಹಿಮ್ಮುಖವಾಗಿ ಹರಿಯುತ್ತದೆ. ಸೇತುವೆಯ ಮೇಲೆ ನಿಂತು ನೋಡಿದ್ದೇನೆ. ಎಲೆ ಕಸ ಎಲ್ಲ ಬೀಲ್ ಕಡೆಯಿಂದ ನ್ಯೂಶಾಟೆಲ್ ಕಡೆಗೆ ತೇಲಿ ಹೋಗುತ್ತಿದ್ದವು. ನಮ್ಮ ಹುಡುಗ ‘ನದಿ ಮರೆತುಬಿಟ್ಟಿದೆ’ ಎಂದ.

ಆಚೆ ದಡದ ಎಮ್ಮೆ ಬೆನ್ನು ವುಲ್ಲಿ ಗುಡ್ಡ, 653 ಮೀಟರ್, ಮೈತುಂಬ ದ್ರಾಕ್ಷಿ. ಮೇಲೊಂದು ದೊಡ್ಡ ಬಂಡೆ ಇದೆ. ಆಲ್ಪ್ಸ್‌ನ ಕಲ್ಲು, ರೋನ್ ಹಿಮನದಿ ಹೊತ್ತು ತಂದು ಇಟ್ಟು ಹೋದದ್ದು. ಹಿಮಯುಗದ ವಿಚಾರವನ್ನು 1837ರಲ್ಲಿ ಮಂಡಿಸಿದ ಲೂಯಿ ಅಗಾಸಿ ಹುಟ್ಟಿದ್ದು ಅದೇ ಗುಡ್ಡದ ಬುಡದ ಮೋತಿಯೇ ಹಳ್ಳಿಯಲ್ಲಿ, ಬಂಡೆಗೂ ಅವನದೇ ಹೆಸರು. ಅಮೆರಿಕಕ್ಕೆ ಹೋದ ಮೇಲೆ ಜನಾಂಗಗಳ ಬಗ್ಗೆ ಅಸಹ್ಯವಾದದ್ದನ್ನೆಲ್ಲ ಬರೆದ. ಅದಕ್ಕೇ ನ್ಯೂಶಾಟೆಲ್‌ನವರು 2019ರಲ್ಲಿ ಅವನ ಹೆಸರಿನ ಜಾಗಕ್ಕೆ ಬೇರೆ ಹೆಸರಿಟ್ಟರು. ಬಂಡೆ ಬಂಡೆಯಾಗಿಯೇ ಇದೆ.

ಸಾಗರದ ಮೇಷ್ಟ್ರು · ಜೂನ್ 17, ರಾತ್ರಿ 9:10

ಒಂದು ಪ್ರಶ್ನೆಗೆ ಇಷ್ಟು ಸಿಗುತ್ತದೆ ಎಂದುಕೊಂಡಿರಲಿಲ್ಲ. ಹಾಗಾದರೆ ಆ ಸೈನಿಕರು ಮುಳುಗಿದ ಅಂಚಿನಲ್ಲಿ ಈಗ ಜನ ಬೆಂಚು ಹಾಕಿಕೊಂಡು ಕೂತಿರಬಹುದು!

ಇನ್ನೊಂದು ಗೊಂದಲ. ಊರಿನಲ್ಲಿ ಜರ್ಮನ್ ಚರ್ಚು ಬೇರೆ, ಫ್ರೆಂಚ್ ಚರ್ಚು ಬೇರೆ. ಎರಡೂ ಪ್ರಾಟೆಸ್ಟೆಂಟರವು. ಆದರೆ ಈ ಊರು ಸೇರಿರುವ ಫ್ರೀಬೂರ್ ಪ್ರಾಂತ್ಯ ಕ್ಯಾಥೊಲಿಕ್, ಫ್ರೆಂಚ್ ಪ್ರಧಾನ ಎನ್ನುತ್ತಾರೆ ಅಳಿಯಂದಿರು. ಬರ್ನ್ ಬಾಗಿಲಿರುವ ಊರು ಬರ್ನ್‌ಗೇಕೆ ಸೇರಲಿಲ್ಲ?

ಕೋಟೆಕೊತ್ತಲ · ಜೂನ್ 17, ರಾತ್ರಿ 10:48

ಒಬ್ಬನೇ ಯಜಮಾನನಿದ್ದರೆ ತಾನೇ! ಹೆಸರು ನೋಡಿ, ಕೆಲ್ಟಿಕ್ ‘ಮೊರಿದೂನುಂ’, ನೀರ ಬದಿಯ ಕೋಟೆ ಎಂದರ್ಥ. 1034ರ ಹೊತ್ತಿಗೆ ಇದ್ದ ಹಳೆಯ ಕೋಟೆಯನ್ನು ಚಕ್ರವರ್ತಿ ಎರಡನೆಯ ಕಾನ್ರಾಡ್ ಕೆಡವಿಸಿದ. ಹನ್ನೆರಡನೆಯ ಶತಮಾನದಲ್ಲಿ ಝೇರಿಂಗೆನ್ ಮನೆತನದವರು ಈಗಿನ ಊರಿಗೆ ದಾರ ಹಿಡಿದರು. ಬರ್ನ್, ಫ್ರೀಬೂರ್ ಕಟ್ಟಿದವರೂ ಅವರೇ, ಅದಕ್ಕೇ ಬೀದಿಗಳ ಚಹರೆ ಒಂದೇ. ಮುಂದೆ ಸವಾಯ್ ದೊರೆಗಳು ಬಂದು ಕೋಟೆಮನೆ ಎಬ್ಬಿಸಿದರು. 1416ರಲ್ಲಿ ಬೆಂಕಿ ಬಿದ್ದು ಊರು ಸುಟ್ಟುಹೋದ ಮೇಲೆ ಮರ ಬಿಟ್ಟು ಕಲ್ಲಿನಲ್ಲಿ ಕಟ್ಟಿದರು. ನೀವು ಕಂಡ ಮನೆಗಳ ಮೂಲ ಅದು.

ಕದನ ಗೆದ್ದ ಮೇಲೆ ಬರ್ನ್, ಫ್ರೀಬೂರ್ ಇಬ್ಬರಿಗೂ ಊರು ಬೇಕಿತ್ತು. 1484ರಿಂದ ಇಬ್ಬರೂ ಸೇರಿಯೇ ಆಳಿದರು. ಐದು ವರ್ಷ ಇವರ ಅಧಿಕಾರಿ, ಐದು ವರ್ಷ ಅವರ ಅಧಿಕಾರಿ. ಮುನ್ನೂರಕ್ಕೂ ಹೆಚ್ಚು ವರ್ಷ ಹೀಗೇ ನಡೆಯಿತು, ಪಾಲು ಹಂಚಿಕೊಂಡ ಅಣ್ಣತಮ್ಮಂದಿರು ಒಂದೇ ತೆಂಗಿನ ಮರದ ಕಾಯಿಯನ್ನು ಸರದಿಯಲ್ಲಿ ಕೀಳಿಸಿದಂತೆ. 1530ರಲ್ಲಿ ಬರ್ನ್‌ನ ಬೆಂಬಲದಿಂದ, ಗಿಯೋಮ್ ಫಾರೆಲ್ ಎಂಬ ಬೋಧಕನ ಮಾತಿಗೆ ಊರು ಪ್ರಾಟೆಸ್ಟೆಂಟ್ ಆಯಿತು. 1798ರಲ್ಲಿ ಫ್ರೆಂಚರು ಬಂದು ಹಳೆಯ ವ್ಯವಸ್ಥೆ ಮುರಿದರು. 1803ರಲ್ಲಿ ನೆಪೋಲಿಯನ್ ಗೆರೆ ಎಳೆದು ಮುರ್ಟನ್ ಫ್ರೀಬೂರ್‌ಗೆ ಎಂದ. ಧರ್ಮ ಬರ್ನ್‌ನದು, ಪ್ರಾಂತ್ಯ ಫ್ರೀಬೂರ್‌ನದು, ಮಾತು ಹೆಚ್ಚಿನವರದು ಜರ್ಮನ್.

ಬಾಡಿಗೆಮನೆ · ಜೂನ್ 17, ರಾತ್ರಿ 11:15

ಆ ಗೆರೆ ಈಗಲೂ ಅಲುಗಾಡುತ್ತಿದೆ. ಪಕ್ಕದಲ್ಲಿ ಕ್ಲಾವಲೇರ್ ಎಂಬ ಹಳ್ಳಿ, ಐವತ್ತು ಜನ. ಸುತ್ತ ಬೇರೆ ಪ್ರಾಂತ್ಯ, ನಡುವೆ ಇದೊಂದು ತುಣುಕು ಬರ್ನ್‌ನದಾಗಿತ್ತು. ಪಂಚಾಯಿತಿ ಹುದ್ದೆಗೆ ನಿಲ್ಲಲು ಜನವೇ ಸಿಗುತ್ತಿರಲಿಲ್ಲ. ಎರಡೂ ಪ್ರಾಂತ್ಯದವರು ಮತ ಹಾಕಿ ಒಪ್ಪಿ, 2022ರ ಜನವರಿ 1ರಂದು ಆ ಹಳ್ಳಿ ಪ್ರಾಂತ್ಯ ಬದಲಿಸಿ ಮುರ್ಟನ್‌ಗೆ ಸೇರಿತು. ಐವತ್ತು ಜನರಿಗಾಗಿ ಎರಡು ಪ್ರಾಂತ್ಯ ಮತಗಟ್ಟೆಗೆ ಹೋದವು. ಬೆಳಗಾವಿ, ಕಾಸರಗೋಡು ಎಂದು ಯಾರೂ ಇಲ್ಲಿ ಶುರು ಮಾಡಬೇಡಿ, ದಯವಿಟ್ಟು.

ಪಟ್ಟಣದವನು · ಜೂನ್ 18, ಬೆಳಿಗ್ಗೆ 6:50

ಬೆಳಗಾವಿ ಬೇಡ, ಶ್ರೀರಂಗಪಟ್ಟಣ ಆಗಬಹುದೇ? ಪಕ್ಕದ ಸರೋವರದ ನ್ಯೂಶಾಟೆಲ್ ಹೆಸರು ಬಂದಿದ್ದರಿಂದ ಕೇಳುತ್ತಿದ್ದೇನೆ.

ನಮ್ಮ ಪಟ್ಟಣದಲ್ಲಿ ಕಾವೇರಿ ದಂಡೆಯ ಹತ್ತಿರ ಗ್ಯಾರಿಸನ್ ಸ್ಮಶಾನವಿದೆ. ಚಿಕ್ಕಂದಿನಲ್ಲಿ ಅಲ್ಲಿ ಸೀಬೆಕಾಯಿ ತಿನ್ನುತ್ತಾ ಗೋರಿ ಕಲ್ಲುಗಳನ್ನು ಓದುತ್ತಿದ್ದೆವು. ಎಷ್ಟೋ ಕಲ್ಲುಗಳ ಮೇಲೆ ‘ದ ಮ್ಯೂರೋನ್’ ದಂಡು ಎಂದಿದೆ. ಅದು ನ್ಯೂಶಾಟೆಲ್‌ನ ಶಾರ್ಲ್ ದಾನಿಯೆಲ್ ದ ಮ್ಯೂರೋನ್ 1781ರಲ್ಲಿ ಡಚ್ ಕಂಪನಿಗಾಗಿ ಕಟ್ಟಿದ ಬಾಡಿಗೆ ಸೈನ್ಯ. ಸಿಲೋನ್‌ನಲ್ಲಿತ್ತು. 1795ರಲ್ಲಿ ದಂಡಿಗೆ ದಂಡೇ ಬ್ರಿಟಿಷರ ಕಡೆಗೆ ವರ್ಗವಾಯಿತು. 1799ರಲ್ಲಿ ಟಿಪ್ಪುವಿನ ಮೇಲೆ ಬಂದ ಸೈನ್ಯದಲ್ಲಿ ಇವರೂ ಇದ್ದರು. ಆಮೇಲೆ ಇಲ್ಲೇ ಠಾಣ್ಯ ಹಾಕಿ, ಜ್ವರಕ್ಕೆ ಸಿಕ್ಕಿ ಸತ್ತವರು ಬಹಳ.

ಗೋಡೆ ಉಳಿದ ಊರಿನ ಮಾತು ನಡೆಯುತ್ತಿದೆ, ಗೋಡೆ ಒಡೆದ ಊರಿನವನಾಗಿ ಇಷ್ಟು ಹೇಳಬೇಕೆನಿಸಿತು.

ಕೋಟೆಕೊತ್ತಲ · ಜೂನ್ 18, ಬೆಳಿಗ್ಗೆ 9:30

ಇದು ನನಗೆ ಗೊತ್ತೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಮುರ್ಟನ್ ಜೊತೆ ಇಟ್ಟು ನೋಡಿರಲಿಲ್ಲ. ಆ ದಂಡನ್ನು ಸ್ವಿಸ್ ಎನ್ನುವ ಮೊದಲು ಒಂದು ಮಾತು: ಆಗ ನ್ಯೂಶಾಟೆಲ್ ಸ್ವಿಸ್ ಒಕ್ಕೂಟದ ಮಿತ್ರ ಮಾತ್ರ, ದೊರೆತನ ಪ್ರಷ್ಯಾದ ರಾಜನದು. ಆದರೂ ತಾಳೆ ಬೀಳುತ್ತದೆ. ಗ್ರಾಂಸೋನ್, ಮುರ್ಟನ್ ಗೆದ್ದದ್ದೇ ಸ್ವಿಸ್ ಈಟಿಯವರಿಗೆ ಯುರೋಪಿನ ತುಂಬ ಬೇಡಿಕೆ ತಂದುಕೊಟ್ಟಿತು. ಬಡ ಬೆಟ್ಟದ ನಾಡು, ಹೊಲ ಸಾಲದು, ಗಂಡುಮಕ್ಕಳು ಕೂಲಿಗೆ ಕತ್ತಿ ಹಿಡಿದರು. ಮೂರು ಶತಮಾನ ಸಾಗಿದ ಆ ವ್ಯಾಪಾರದ ಒಂದು ಕವಲು ನಿಮ್ಮ ಸೀಬೆಮರದ ಬುಡಕ್ಕೆ ಬಂದು ನಿಂತಿದೆ.

ಪಾಚಿಗಾತಿ · ಜೂನ್ 18, ಮಧ್ಯಾಹ್ನ 12:40

ಸತ್ತ ಬರ್ಗಂಡಿಯವರ ಗೋರಿ ಎಲ್ಲಿ? ರಕ್ತದ ಕಥೆ ಬಿಟ್ಟೆವು, ಮೂಳೆ ಇರಬೇಕಲ್ಲ.

ಬಾಡಿಗೆಮನೆ · ಜೂನ್ 18, ಸಂಜೆ 6:05

ಊರ ಹೊರಗೆ ಸರೋವರದ ಪಕ್ಕ ಒಂದು ಕಲ್ಲುಕಂಬ ಇದೆ. ಅಲ್ಲಿ ಮೊದಲು ಮೂಳೆಮನೆ ಇತ್ತು. ಹೂತ ಮೂಳೆಗಳನ್ನು ಅಗೆದು ಅದರಲ್ಲಿ ಪೇರಿಸಿಟ್ಟಿದ್ದರು, ಹಾದು ಹೋಗುವವರೆಲ್ಲ ನೋಡಲಿ ಎಂದು. 1798ರಲ್ಲಿ ಬಂದ ಫ್ರೆಂಚ್ ಸೈನಿಕರಲ್ಲಿ ಬರ್ಗಂಡಿ ಕಡೆಯವರಿದ್ದರು. ನಮ್ಮ ಹಿರಿಯರ ಅವಮಾನ ಇದು ಎಂದು ಕೆಡವಿಬಿಟ್ಟರು. ಮೂಳೆ ಸುತ್ತ ಚೆದುರಿ ಬಿದ್ದವು. 1816ರಲ್ಲಿ ಆ ದಾರಿಯಲ್ಲಿ ಬಂದ ಇಂಗ್ಲಿಷ್ ಕವಿ ಬೈರನ್ ಒಂದಿಷ್ಟನ್ನು ಕಟ್ಟಿಕೊಂಡು ಹೋದ. ಗಾಡಿ ಹೊಡೆಯುವವರು ಚೂರಿಯ ಹಿಡಿ ಮಾಡಲು ಅವನ್ನು ಮಾರುತ್ತಿದ್ದರೆಂದೂ, ತಾನು ಒಯ್ದದ್ದು ಕಾಪಾಡುವುದಕ್ಕೆಂದೂ ಅವನೇ ಸಮಜಾಯಿಷಿ ಬರೆದಿದ್ದಾನೆ. ವಸ್ತುಸಂಗ್ರಹ ಮಾಡುವವರೆಲ್ಲರ ಸಮಜಾಯಿಷಿಯೂ ಅದೇ.

ಇನ್ನೊಂದಿದೆ. ಮ್ಯೂನಿಕ್‌ನ ಚಿತ್ರಕಾರ ಲೂಯಿ ಬ್ರೌನ್ 1893ರಲ್ಲಿ ಈ ಕದನವನ್ನು ನೂರು ಮೀಟರ್ ಉದ್ದ, ಹತ್ತು ಮೀಟರ್ ಎತ್ತರದ ಬಟ್ಟೆಯ ಮೇಲೆ ಬರೆದ. ದುಂಡಗೆ ಹರಡಿ ನಡುವೆ ನಿಂತು ನೋಡುವಂಥದ್ದು. 2002ರ ರಾಷ್ಟ್ರೀಯ ಪ್ರದರ್ಶನಕ್ಕೆ ವಾಸ್ತುಶಿಲ್ಪಿ ಜಾನ್ ನೂವೆಲ್ ಮುರ್ಟನ್ ಸರೋವರದ ಮೇಲೆ 34 ಮೀಟರ್ ಚೌಕದ, ತುಕ್ಕು ಹಿಡಿದ ಉಕ್ಕಿನ ಘನಾಕೃತಿಯೊಂದನ್ನು ತೇಲಿಸಿ ಅದರೊಳಗೆ ಈ ಚಿತ್ರ ಇಟ್ಟಿದ್ದ. ದೋಣಿಯಲ್ಲಿ ಹೋಗಿ ನೋಡಬೇಕಿತ್ತು. ಪ್ರದರ್ಶನ ಮುಗಿದ ಮೇಲೆ ಘನ ಬಿಚ್ಚಿದರು, ಚಿತ್ರ ಸುತ್ತಿ ಗೋದಾಮು ಸೇರಿತು. ಈಚೆಗೆ ಲೊಸಾನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಅದನ್ನು ಬಿಡಿಸಿ 1.6 ಲಕ್ಷ ಕೋಟಿ ಪಿಕ್ಸೆಲ್‌ಗಳಲ್ಲಿ ಸೆರೆಹಿಡಿದಿದ್ದಾರೆ. ಇಲ್ಲಿಯ ಹಳಬರು ಆ ತುಕ್ಕು ಡಬ್ಬಿಯನ್ನು ಈಗಲೂ ನೆನೆಯುತ್ತಾರೆ. ಇದ್ದಾಗ ಬೈದವರೇ ಹೆಚ್ಚಂತೆ.

ಸಾಗರದ ಮೇಷ್ಟ್ರು · ಜೂನ್ 22, ರಾತ್ರಿ 10:20

ಇವತ್ತು ಮತ್ತೆ ಹೋಗಿದ್ದೆವು, ಈ ಸಲ ಮೊಮ್ಮಗಳೂ ಬಂದಿದ್ದಳು. ಕದನದ ದಿನವಲ್ಲವೇ, ಕತ್ತಿ ಗುರಾಣಿ ಇರಬಹುದು ಎಂದುಕೊಂಡಿದ್ದೆ. ನೋಡಿದರೆ ಶಾಲೆಯ ಮಕ್ಕಳ ಹಬ್ಬ! ಬಿಳಿ ಬಟ್ಟೆ ಹಾಕಿಕೊಂಡು, ಹೂವು ಹಿಡಿದು ಮೆರವಣಿಗೆ. ಮೇಷ್ಟರುಗಳು ಪಕ್ಕದಲ್ಲಿ ಸಾಲು ಸರಿ ಮಾಡುತ್ತಾ ನಡೆಯುತ್ತಿದ್ದರು. ಮೂವತ್ತೆಂಟು ವರ್ಷ ಆಗಸ್ಟ್ 15ಕ್ಕೆ ನಾನು ಮಾಡಿದ್ದೂ ಅದೇ ಕೆಲಸ.

ಕೋಟೆ ಬಾಗಿಲ ಹತ್ತಿರ ಕೆನೆಯ ಕೇಕು ತಿಂದೆವು, ನೀಡಲ್‌ಕೂಖೆನ್ ಎನ್ನುತ್ತಾರೆ. ಹುಳಿ ಹಿಟ್ಟಿನ ರೊಟ್ಟಿಯ ಮೇಲೆ ಗಟ್ಟಿ ಕೆನೆ, ಸಕ್ಕರೆ, ಅಂಚು ಕಂದುವವರೆಗೆ ಬೇಯಿಸುತ್ತಾರೆ. ಚೆನ್ನಾಗಿದೆ, ಏಲಕ್ಕಿ ಬೇಕಿತ್ತು ಎಂದು ನಮ್ಮ ಮನೆಯವರ ತೀರ್ಪು.

ಮೊಮ್ಮಗಳಿಗೆ ನಿಮ್ಮಿಬ್ಬರ ಕಥೆಯನ್ನೂ ಹೇಳಿದೆ, ರಕ್ತದ್ದು, ಪಾಚಿಯದ್ದು. ದಡಕ್ಕೆ ಹೋಗಿ ತನ್ನ ನೀರಿನ ಬಾಟಲಿ ತುಂಬಿಸಿಕೊಂಡು ಬಂದಿದ್ದಾಳೆ. ಪಾಚಿಗಾತಿ ಮೇಡಂ, ಬೈಯಬೇಡಿ, ಕೈ ತೊಳೆಸಿದ್ದೇನೆ. ಡಿಸೆಂಬರ್‌ವರೆಗೆ ಕಿಟಕಿಯಲ್ಲೇ ಇರಬೇಕಂತೆ. ಸದ್ಯಕ್ಕೆ ತಿಳಿಯಾಗಿದೆ, ಅಡಿಯಲ್ಲಿ ಒಂದು ಚಿಟಿಕೆ ಮರಳು.

ಪಾಚಿಗಾತಿ · ಜೂನ್ 22, ರಾತ್ರಿ 10:31

ಮುಚ್ಚಳ ಬಿಗಿಯಾಗಿ ಹಾಕಿಸಿ ಮೇಷ್ಟ್ರೇ. ಕುಡಿಯುವ ಬಾಟಲಿಗಳ ಪಕ್ಕ ಇಡಬೇಡಿ.